ಬಿಚ್ಚಿದವಳೇ ಕಟ್ಟಲಿ

ಬೆಹಾಲಾ, ಕೋಲ್ಕತ್ತಾ
ಬುಧವಾರ, ೨೦ ನವೆಂಬರ್ ೨೦೨೪

ಪ್ರೀತಿಯ ಅಪೂರ್ವ,

ಹೇಗಿದ್ದೀಯ? ಮೂಗು ಕಟ್ಟಿಕೊಂಡು ತಲೆನೋವು ಬರುತ್ತಿತ್ತಲ್ಲ, ಅಲ್ಲಿನ ಸಮುದ್ರದ ಗಾಳಿಗೆ ಅದು ಹೆಚ್ಚಾಯಿತೋ ಕಡಿಮೆಯಾಯಿತೋ? ಹೊತ್ತಿಗೆ ಸರಿಯಾಗಿ ಉಣ್ಣುತ್ತೀಯೋ, ಇಲ್ಲ ಬ್ಯಾಂಕಿನ ಚಹಾ ಬಿಸ್ಕತ್ತಿನಲ್ಲೇ ದಿನ ದೂಡುತ್ತೀಯೋ? ನಾನೂ ನಿಮ್ಮಪ್ಪನೂ ಕೈಕಾಲು ಗಟ್ಟಿಯಾಗಿದ್ದೇವೆ. ಈ ಕಾಲದಲ್ಲಿ ಪತ್ರವೇ ಎಂದು ನಗಬೇಡ. ಫೋನು ಎತ್ತದ ಮಗಳಿಗೆ ನಾನು ಇನ್ನೇನು ಮಾಡಲಿ? ಮೆಸೇಜು ಕಳಿಸಿದರೆ ನಿಮ್ಮಪ್ಪನಿಗೆ "ಆಲ್ ಓಕೆ" ಎಂದು ಉತ್ತರ ಬರುತ್ತದೆ, ನನಗೆ ಅದೂ ಇಲ್ಲ. ಇಷ್ಟರಲ್ಲೇ ದೇವರು ಕಣ್ಣು ಬಿಟ್ಟ ಹಾಗೆ, ನಿಮ್ಮಪ್ಪನ ಆಫೀಸಿನ ಋಷಿಕೇಶ್ ನಾಳೆ ಬೆಳಗಿನ ವಿಮಾನಕ್ಕೆ ಪೋರ್ಟ್ ಬ್ಲೇರ್‌ಗೆ ಹೊರಟಿದ್ದಾನೆ. ಬಳ್ಳಾರಿಯ ಹುಡುಗ, ಡಮ್ ಡಮ್‌ನಲ್ಲಿ ಮನೆ ಮಾಡಿದ್ದಾನೆ, ನೀನು ನೋಡಿಲ್ಲ. ನಿನ್ನ ಬ್ಯಾಂಕಿಗೇ ಬಂದು ಇದನ್ನು ಕೈಗೆ ಕೊಡುತ್ತಾನೆ. ಆಮೇಲೆ ನೋಡಿದರಾಯಿತು ಎಂದು ಚೀಲಕ್ಕೆ ತುರುಕಬೇಡ, ಅಲ್ಲೇ ಕುಳಿತು ಓದು. ಉದ್ದವಿದೆ, ಬೈಗುಳವೂ ಇದೆ.

ನಿನ್ನ ಅತ್ತೆಯನ್ನು ಹೋದ ವಾರ ಮತ್ತೆ ಆಸ್ಪತ್ರೆಗೆ ಸೇರಿಸಿದ್ದೇವೆ. ಅದೇ ಆಸ್ಪತ್ರೆ, ಅದೇ ಡಾಕ್ಟರ್ ಬಾಗ್ಚಿ. ಹೋದ ಸಲ ಅಲ್ಲಿಂದ ಮನೆಗೆ ಬಂದ ಮೇಲೆ ನಾಲ್ಕು ದಿನ ಸುಮ್ಮನಿದ್ದಳು, ಆಮೇಲೆ ಮೊದಲಿನದೇ ಕಥೆ. ಮಾತಾಡುತ್ತಾ ಮಾತಾಡುತ್ತಾ ನಿಲ್ಲಿಸುತ್ತಾಳೆ, ಗೋಡೆ ಹಿಡಿಯುತ್ತಾಳೆ, ಏನೋ ನೆನಪು ಮಾಡಿಕೊಳ್ಳುವವಳ ಹಾಗೆ ಮುಖ ಮಾಡುತ್ತಾಳೆ. ಉಸಿರು ಸಿಗುತ್ತಿಲ್ಲ ಎಂದು ಬಾಯಿ ಬಿಟ್ಟು ಹೇಳುವ ಪೈಕಿಯಲ್ಲ ಅವಳು. ಕೊನೆಗೆ ಒಂದು ದಿನ ಕೆಮ್ಮಿದ ಟವೆಲ್ಲನ್ನು ತಾನೇ ತೊಳೆದು ಹರವಿದ್ದಳು. ಒಗೆದ ಮೇಲೂ ಕೆಂಪು ಹೋಗಿರಲಿಲ್ಲ. ಆಗ ನಿಮ್ಮಪ್ಪ ತಂಗಿಗಾಗಿ ಓಡಿಹೋಗಿ ಟ್ಯಾಕ್ಸಿ ತಂದ. ಮೂರನೆಯ ಮಹಡಿಯಿಂದ ಅವಳನ್ನು ಕುರ್ಚಿಯಲ್ಲಿ ಕೂರಿಸಿಕೊಂಡು ಇಳಿಸಿದವರು ನಮ್ಮ ಓಣಿಯ ಕ್ಲಬ್ಬಿನ ಹುಡುಗರು. ಪೂಜೆಯ ಚಂದಾ ಕೇಳಲು ಬಂದಾಗಲೆಲ್ಲ ಅವಳು ಯಾರನ್ನು ಬಾಗಿಲಲ್ಲಿ ನಿಲ್ಲಿಸಿ ಸತಾಯಿಸುತ್ತಿದ್ದಳೋ ಅವರೇ. "ಪಿಶಿ, ಗಟ್ಟಿ ಹಿಡ್ಕೊಳ್ಳಿ" ಎಂದು ತಮ್ಮ ಸ್ವಂತ ಅತ್ತೆಗೆ ಹೇಳುವ ಹಾಗೆ ಬಂಗಾಳಿಯಲ್ಲಿ ಹೇಳಿಕೊಂಡು, ಒಂದು ಮೆಟ್ಟಿಲಲ್ಲೂ ಅಲುಗಾಡಿಸದೆ ಇಳಿಸಿದರು. ಇವಳು ಇಡೀ ದಾರಿ ಕಣ್ಣು ಮುಚ್ಚಿಕೊಂಡಿದ್ದಳು.

ನೀನು ಆಪರೇಷನ್ನಿನ ಹಿಂದಿನ ದಿನ ಓಡಿಬಂದು, ಮರುದಿನವೇ ಆ ಗಲಾಟೆಯಾಗಿ, ವಾಪಸ್ಸು ಓಡಿದೆ. ಆದ್ದರಿಂದ ನಿನಗೆ ಗೊತ್ತಿರುವುದು ಅರ್ಧಂಬರ್ಧ. ಡಾಕ್ಟರು ನಮಗೆ ಹೇಳಿದ್ದನ್ನು ನನಗೆ ತಿಳಿದಷ್ಟು ಬರೆಯುತ್ತೇನೆ. ಅತ್ತೆಗೆ ಚಿಕ್ಕಂದಿನಲ್ಲಿ ಒಂದು ಜ್ವರ ಬಂದಿತ್ತಂತೆ, ಮೊಣಕಾಲು ಮೊಣಕೈ ಬಾತುಕೊಂಡು ತಿಂಗಳುಗಟ್ಟಲೆ ಮಲಗಿದ್ದಳಂತೆ. ಧಾರವಾಡದ ಮನೆಯಲ್ಲಿ ಎಲ್ಲರೂ ಅದನ್ನು ಗೂನು ಬೆನ್ನಿನ ಲೆಕ್ಕಕ್ಕೆ ಹಾಕಿದರು. ಆ ಜ್ವರ ಹೃದಯದ ಒಂದು ಬಾಗಿಲನ್ನು ಕಚ್ಚಿಕೊಂಡು ಉಳಿದಿದೆ. ಶ್ವಾಸಕೋಶದಿಂದ ಬಂದ ರಕ್ತ ಎಡಗಡೆಯ ಮೇಲಿನ ಕೋಣೆಯಿಂದ ಕೆಳಗಿನ ಕೋಣೆಗೆ ಇಳಿಯುವ ಬಾಗಿಲು ಅದು. ಎರಡು ಪದರಗಳು ಅಂಚಿನಲ್ಲಿ ಅಂಟಿಕೊಂಡು ಈಗ ಗುಂಡಿಕಾಜಿನಷ್ಟು ಸಂದು ಉಳಿದಿದೆ. ಅದರ ಹಿಂದೆ ರಕ್ತ ನಿಂತು ಶ್ವಾಸಕೋಶಕ್ಕೇ ವಾಪಸ್ಸು ಒತ್ತುತ್ತದೆ, ಅದಕ್ಕೇ ಕೆಮ್ಮು, ಅದಕ್ಕೇ ಮಲಗಲಾಗದೆ ಕೂತೇ ನಿದ್ದೆ ಮಾಡುವುದು. ನಾನು ಈ ಮನೆಗೆ ಬಂದಾಗಿನಿಂದ ಅವಳು ಕೂತೇ ಮಲಗುವುದನ್ನು ನೋಡಿದ್ದೇನೆ. ಗೂನಿನವರು ಅಂಗಾತ ಮಲಗುವುದಾದರೂ ಹೇಗೆ ಎಂದು ಒಬ್ಬರೂ ಎರಡನೇ ಸಲ ಯೋಚಿಸಲಿಲ್ಲ. ಮೆಟ್ಟಿಲಲ್ಲಿ ಎರಡನೆಯ ಮಹಡಿಗೆ ಬಂದಾಗ ಅಲ್ಲಿನ ಬೌದಿಯ ಬಾಗಿಲಲ್ಲಿ ಹರಟೆಗೆ ನಿಲ್ಲುತ್ತಿದ್ದಳಲ್ಲ, ಮಾತಿನ ಮಲ್ಲಿ ಎಂದು ನಾವು ರೇಗಿಸುತ್ತಿದ್ದೆವು. ಹರಟೆಯಲ್ಲ ಅದು, ಉಸಿರು ಹಿಡಿದುಕೊಳ್ಳುವ ಉಪಾಯ. ಗೂನೊಂದು ಇದ್ದುಬಿಟ್ಟರೆ ಬೇರೆ ಕಾಯಿಲೆ ಬರುವುದೇ ಇಲ್ಲ ಎಂಬ ಹಾಗೆ ಇದ್ದೆವು ಎಲ್ಲರೂ, ಡಾಕ್ಟರುಗಳೂ ಸೇರಿ.

ಎದೆ ಸೀಳಿ ಬಾಗಿಲು ಬದಲಾಯಿಸಬಹುದು, ಆದರೆ ಅವಳಿಗೆ ಆಗದು ಎಂದು ಮೊದಲೇ ಕೈ ಚೆಲ್ಲಿದರು. ಡೊಂಕು ಬೆನ್ನಿನ ಒಳಗೆ ಶ್ವಾಸಕೋಶ ಮುದುಡಿಕೊಂಡಿದೆ, ಅರಿವಳಿಕೆ ಕೊಟ್ಟರೆ ಮತ್ತೆ ಉಸಿರಾಟದ ಯಂತ್ರದಿಂದ ಬಿಡಿಸಿಕೊಂಡು ಬರುವುದು ಅನುಮಾನ ಎಂದರು. ಉಳಿದದ್ದು ಬಲೂನು ಮಾತ್ರ. ತೊಡೆಯ ಸಂದಿನ ರಕ್ತನಾಳದಿಂದ ಸಣ್ಣ ನಳಿಕೆ ತೂರಿಸಿ, ಹೃದಯದ ಬಲಗಡೆಗೆ ಹೋಗಿ, ಅಲ್ಲಿಂದ ನಡುಗೋಡೆಯನ್ನು ಸೂಜಿಯಿಂದ ಚುಚ್ಚಿ ಎಡಗಡೆಗೆ ದಾಟಿ, ಆ ಬಾಗಿಲಲ್ಲಿ ಬಲೂನು ಉಬ್ಬಿಸುವುದು. ಅಂಟಿದ್ದು ಬಿಡುತ್ತದೆ. ಬೇರೆಯವರಿಗಾದರೆ ಮೂರನೆಯ ದಿನ ಮನೆಗೆ ಕಳಿಸುತ್ತಾರಂತೆ. ಇವಳ ಹೃದಯ ಬೆನ್ನಿನ ಜೊತೆ ತಾನೂ ತಿರುಗಿಕೊಂಡಿದೆ. ನಡುಗೋಡೆ ಇರಬೇಕಾದ ದಿಕ್ಕಿನಲ್ಲಿ ಇಲ್ಲ, ಕಾಲಿನಿಂದ ಮೇಲೆ ಹೋಗುವ ರಕ್ತನಾಳವೂ ಸೊಟ್ಟ. ಬಾಗ್ಚಿ ಅವರು ಅಂದೇ ಹೇಳಿದ್ದರು, ನಕ್ಷೆ ಇಲ್ಲದ ಊರಿನಲ್ಲಿ ಮನೆ ಹುಡುಕಬೇಕು ಎಂದು. ಈ ಮಾತು ಹೇಳುವಾಗ ನೀನಿನ್ನೂ ಬಂದಿರಲಿಲ್ಲ.

ಇನ್ನು ಆ ದಿನದ ಮಾತು. ನೀನೇ ಅಲ್ಲಿದ್ದೆ, ನನಗಿಂತ ನಿನಗೇ ಚೆನ್ನಾಗಿ ಗೊತ್ತು. ಆದರೂ ಬರೆಯುತ್ತೇನೆ, ಏಕೆಂದರೆ ನಾವಿಬ್ಬರೂ ಅದನ್ನು ಒಂದು ಸಲವೂ ಬಾಯಿಬಿಟ್ಟು ಆಡಿಲ್ಲ. ಒಳಗೆ ಕರೆದೊಯ್ಯುವ ಮೊದಲು ಮೈಮೇಲಿನ ಲೋಹವೆಲ್ಲ ತೆಗೆಯಿರಿ ಎಂದು ನರ್ಸ್ ನೇಹಾ ಹೇಳಿದಳು. ಅತ್ತೆ ಬಳೆ ಕೊಟ್ಟಳು, ಕಿವಿಯದು ಕೊಟ್ಟಳು, ಕೊರಳ ಲಿಂಗಕ್ಕೆ ಮಾತ್ರ ಕೈ ಅಡ್ಡ ಹಿಡಿದಳು. ಲಿಂಗವಿಟ್ಟ ಬೆಳ್ಳಿಯ ಕರಡಿಗೆ ಎಕ್ಸ್‌ರೇ ಪರದೆಯಲ್ಲಿ ಸರಿಯಾಗಿ ಹೃದಯದ ಮೇಲೇ ಕಪ್ಪಗೆ ಕೂರುತ್ತದೆ, ಏನೂ ಕಾಣುವುದಿಲ್ಲ ಎಂದು ಆ ಹುಡುಗಿ ಪಾಪ ಹಿಂದಿಯಲ್ಲೂ ಬಂಗಾಳಿಯಲ್ಲೂ ಹೇಳಿದಳು. ಅತ್ತೆ ಜಗ್ಗಲಿಲ್ಲ. ಹೊತ್ತಾಗುತ್ತಿತ್ತು, ಒಳಗಿನಿಂದ ಕರೆ ಮೇಲೆ ಕರೆ. ನಾನು ನಿಮ್ಮಪ್ಪನನ್ನು ಹುಡುಕಲು ಹೊರಗೆ ಬಂದೆ. ಅಷ್ಟರಲ್ಲಿ ಮಂಪರಿನ ಇಂಜೆಕ್ಷನ್ ಕೊಟ್ಟಿದ್ದರು, ಅವಳ ಕಣ್ಣು ಮುಚ್ಚಿತು, ನೀನು ಶಿವದಾರ ಬಿಚ್ಚಿ ಲಿಂಗವನ್ನು ಕರವಸ್ತ್ರದಲ್ಲಿ ಸುತ್ತಿ ಕೈಚೀಲಕ್ಕೆ ಹಾಕಿಕೊಂಡೆ. ಒಳ್ಳೆಯದಕ್ಕೇ ಮಾಡಿದೆ, ನನಗೆ ಗೊತ್ತು. ಅವಳು ಎದ್ದ ಮೇಲೆ ಮೊದಲಿನ ಹಾಗೆ ಕೊರಳಿಗೆ ಹಾಕಿದರಾಯಿತು ಎಂದು ನೀನು ಅಂದುಕೊಂಡಿದ್ದೆ.

ಅದು ಪೂರಾ ಅರಿವಳಿಕೆಯಲ್ಲ, ಬರೀ ಮಂಪರು. ನಡುವೆ ಅವಳಿಗೆ ಎಚ್ಚರವಾಯಿತು. ಎಚ್ಚರವಾದ ಕೂಡಲೆ ಕೈ ಎದೆಗೆ ಹೋಯಿತು. ಇಲ್ಲ. ಏಳಲು ನೋಡಿದಳು. ಆಗ ಸೂಜಿ ನಡುಗೋಡೆಯ ಹತ್ತಿರ ಇತ್ತು. ಅದು ಗೋಡೆಯ ಬದಲು ಹೃದಯದ ಹೊರಮೈ ಚುಚ್ಚಿತು, ಸುತ್ತಲಿನ ಚೀಲದಲ್ಲಿ ರಕ್ತ ತುಂಬಿತು, ಬಿ.ಪಿ. ಪಾತಾಳಕ್ಕೆ ಇಳಿಯಿತು. ಎದೆಗೆ ನಳಿಕೆ ಹಾಕಿ ರಕ್ತ ತೆಗೆದು ಹೇಗೋ ಉಳಿಸಿ, ಬಾಗಿಲನ್ನು ಮುಟ್ಟದೆಯೇ ಹೊರಗೆ ಕಳಿಸಿದರು. ಐ.ಸಿ.ಯು.ನಲ್ಲಿ ಕಣ್ಣು ಬಿಟ್ಟು ಅವಳು ಕೇಳಿದ ಮೊದಲ ಮಾತು "ಎಲ್ಲೈತಿ?" ಎಂಬುದು. ನೀನು ಚೀಲದಲ್ಲಿ ತಡಕಾಡಿದೆ. ಇಯರ್‌ಫೋನಿನ ವೈರು ಶಿವದಾರಕ್ಕೆ ಸುತ್ತಿಕೊಂಡಿತ್ತು, ಲಿಪ್‌ಸ್ಟಿಕ್ಕೂ ಬೀಗದ ಕೈಯೂ ಜೊತೆಗೇ ಬಂದವು. ನೀನು ವೈರನ್ನು ಒಂದೊಂದೇ ಸುತ್ತು ಬಿಡಿಸುತ್ತಿದ್ದೆ. ಅವಳು ಅದನ್ನೇ ನೋಡುತ್ತಿದ್ದಳು. ಕೊನೆಗೆ "ಇಷ್ಟು ಓದಿ ಇಷ್ಟ ಕಲ್ತೀ?" ಎಂದು ಗೋಡೆಯ ಕಡೆ ತಿರುಗಿದಳು. ನೀನು ಮರುದಿನ ನಮಗೆ ಹೇಳದೆ ವಿಮಾನ ಹತ್ತಿದೆ.

ಬೈಯುತ್ತೇನೆ ಎಂದಿದ್ದೆನಲ್ಲ, ಈಗ ಬೈಯುತ್ತೇನೆ. ನೀನು ಮಾಡಿದ್ದು ತಪ್ಪು. ಕೇಳದೆ ಬಿಚ್ಚಬಾರದಿತ್ತು. ನಮ್ಮ ಮನೆಯಲ್ಲಿ ಲಿಂಗ ಎಂದರೆ ನಿನಗೆ ಗೊತ್ತಿರುವುದು ದೇವರ ಶೆಲ್ಫು ಮಾತ್ರ. ನನ್ನದೂ ನಿಮ್ಮಪ್ಪನದೂ ನಿನ್ನದೂ ಅಲ್ಲೇ ಇವೆ, ಹಬ್ಬಕ್ಕೆ ಇಳಿಸಿ ವಿಭೂತಿ ಹಚ್ಚುತ್ತೇವೆ. ನಾನು ಉಪದೇಶ ಮಾಡುವ ಪೈಕಿಯಲ್ಲ. ಆದರೆ ಅವಳದು ಹುಟ್ಟಿದಾಗ ಕಟ್ಟಿದ್ದು, ಒಂದು ಗಳಿಗೆಯೂ ಮೈ ಬಿಟ್ಟದ್ದಲ್ಲ. ದಿನಾ ಬೆಳಿಗ್ಗೆ ಮಂಚದ ಮೇಲೆ ಕೂತು ಎಡ ಅಂಗೈಯಲ್ಲಿಟ್ಟುಕೊಂಡು ನೋಡುತ್ತಾಳಲ್ಲ, ಆಗ ಅವಳ ಮುಖ ಬೇರೆಯೇ ಆಗಿರುತ್ತದೆ. ಒಮ್ಮೆ ನನ್ನ ಹತ್ತಿರ ನಗುತ್ತಾ ಅಂದಿದ್ದಳು, "ಹಿಂದ ಗೂನು, ಮುಂದ ಲಿಂಗ. ಎರಡೂ ಕೂಡಿ ನನ್ನ ತಕ್ಕಡಿ ಸರಿ ನಿಂತೈತಿ, ವೈನಿ." ಮದುವೆಯ ಮಾತು ಬಂದು ಬಂದು ನಿಂತುಹೋದ ಹೆಣ್ಣು ಅವಳು. ನೋಡಲು ಬಂದವರೆಲ್ಲ ಹಿಂದಿನಿಂದಲೇ ನೋಡಿದರು. ನಿನ್ನನ್ನು ಎತ್ತಿ ಆಡಿಸುವಾಗ ಮಾತ್ರ ಆ ಗೂನಿನ ಮೇಲೇ ಕೂರಿಸಿಕೊಂಡು ಕೂಸುಮರಿ ಮಾಡುತ್ತಿದ್ದಳು, ನೀನು ಇಳಿಯುತ್ತಲೇ ಇರಲಿಲ್ಲ. ಆಗ ನಿನ್ನ ಬೆರಳು ಸದಾ ಆ ಕರಡಿಗೆಯ ಮೇಲೇ ಇರುತ್ತಿತ್ತು, ಬಾಯಿಗೂ ಹಾಕಿಕೊಳ್ಳುತ್ತಿದ್ದೆ. ಅವಳು ಒಂದು ದಿನ ಬೇಡ ಅನ್ನಲಿಲ್ಲ.

ಬೈದದ್ದಾಯಿತು. ಇನ್ನೊಂದು ಮಾತನ್ನು ಅಷ್ಟೇ ಗಮನವಿಟ್ಟು ಓದು. ನೀನು ಬಿಚ್ಚಿದ್ದಕ್ಕೇ ಹಾಗಾಯಿತೆ ಎಂದು ನಾನು ಡಾಕ್ಟರ್ ಬಾಗ್ಚಿ ಅವರನ್ನು ಕೇಳಿದ್ದೇನೆ. ಒಂದು ಸಲವಲ್ಲ, ನನ್ನ ಮುರುಕು ಬಂಗಾಳಿಯಲ್ಲಿ, ನಿಮ್ಮಪ್ಪನ ಇಂಗ್ಲಿಷಿನಲ್ಲಿ, ಬೇರೆ ಬೇರೆ ದಿನ. ಚಿತ್ರದಲ್ಲಿ ಕಂಡ ಜಾಗದಲ್ಲಿ ಗೋಡೆ ಇರಲಿಲ್ಲ, ಆಕೆ ಕಲ್ಲಿನಂತೆ ಮಲಗಿದ್ದರೂ ನನ್ನ ಸೂಜಿ ತಪ್ಪುತ್ತಿತ್ತು, ಬಹುಶಃ ಚುಚ್ಚಿದ ನೋವಿಗೇ ಆಕೆ ಎದ್ದದ್ದು, ಎಂದರು. ಸಮಾಧಾನಕ್ಕೆ ಹೇಳಿದರೋ, ನಿಜಕ್ಕೆ ಹೇಳಿದರೋ, ನನಗೆ ಗೊತ್ತಿಲ್ಲ. ಹೇಳುವಾಗ ನನ್ನ ಮುಖ ನೋಡಿಯೇ ಹೇಳಿದರು. ಅದನ್ನು ನಿನಗೆ ಫೋನಿನಲ್ಲಿ ಹೇಳಬೇಕೆಂದು ಎಷ್ಟು ದಿನದಿಂದ ಕಾದಿದ್ದೇನೆ.

ಈಗ ಮುಂದಿನದು. ಬಾಗಿಲು ಇನ್ನೂ ಹಾಗೇ ಇದೆ, ಇನ್ನೊಂದು ಸಲ ಪ್ರಯತ್ನಿಸದಿದ್ದರೆ ಈ ಚಳಿಗಾಲ ದಾಟುವುದು ಕಷ್ಟ ಎಂದಿದ್ದಾರೆ. ಈ ಸಲ ಕಾಲಿನಿಂದ ಬೇಡ, ಕೊರಳ ಬಲಗಡೆಯ ರಕ್ತನಾಳದಿಂದ ಇಳಿಯುತ್ತಾರಂತೆ. ಆ ದಾರಿಯಿಂದ ಗೋಡೆಗೆ ಕೋನ ಸರಿಯಾಗಿ ಸಿಗುತ್ತದಂತೆ. ಪಕ್ಕದಲ್ಲಿ ಇನ್ನೊಬ್ಬ ಡಾಕ್ಟರು ಎಕೋ ಹಿಡಿದು ಸೂಜಿ ಎಲ್ಲಿದೆ ಎಂದು ಹೇಳುತ್ತಿರುತ್ತಾರೆ. ಅಂಗಾತ ಮಲಗಲಾಗದವಳಿಗೆ ಬೆನ್ನಿನ ಡೊಂಕಿಗೆ ತಕ್ಕ ಹಾಗೆ ದಿಂಬು ಜೋಡಿಸಿ ಒರಗಿಸುತ್ತಾರೆ. ಕೊರಳಿನಿಂದ ಈ ಕೆಲಸ ಮಾಡಿದವರು ಕಡಿಮೆ, ನಾನೂ ಬೆರಳೆಣಿಕೆಯಷ್ಟೇ ಮಾಡಿದ್ದೇನೆ, ಇಂಥ ಬೆನ್ನಿನವರಿಗೆ ಮಾಡಿಯೇ ಇಲ್ಲ, ಎಂದು ಆತ ಮುಚ್ಚುಮರೆ ಇಲ್ಲದೆ ಹೇಳಿದರು. ಮೇಜಿನ ಮೇಲೇ ಹೋಗಬಹುದು ಎಂದೂ ಹೇಳಿದರು. ನಿಮ್ಮಪ್ಪ ಹೊರಗೆ ಬಂದು ನೀರಿನ ಫಿಲ್ಟರಿನ ಹತ್ತಿರ ನಿಂತು ಲೋಟ ತುಂಬಿಸಿದ, ಕುಡಿಯಲಿಲ್ಲ, ಚೆಲ್ಲಿದ.

ಅತ್ತೆ ಒಲ್ಲೆ ಅಂದಳು. ಕೊರಳಿಂದ ಹೋಗುವುದಾದರೆ ಶಿವದಾರ ತೆಗೆಯಲೇಬೇಕು, "ಹಂಗಾದ್ರ ನಾ ಹಿಂಗ ಹೊಕ್ಕೇನಿ ಬಿಡ್ರಿ" ಎಂದು ಒಂದೇ ಹಟ. ನಾನು ಕಣ್ಣೀರು ಹಾಕಿದೆ, ಕೂಗಾಡಿದೆ, ಎರಡೂ ದಂಡವಾಯಿತು. ನಿಮ್ಮಪ್ಪ ಕೊನೆಗೆ ಸಾಲ್ಟ್ ಲೇಕಿನ ಹಿರೇಮಠದ ದೊಡ್ಡಯ್ಯನವರನ್ನು ಕರೆತಂದ. ನಿನಗೆ ನೆನಪಿರಬೇಕು, ರೈಲ್ವೆ ಅಕೌಂಟ್ಸ್‌ನಲ್ಲಿದ್ದು ನಿವೃತ್ತರಾದವರು, ನಮ್ಮವರ ಮನೆಯ ಕಾರ್ಯಗಳಿಗೆಲ್ಲ ಅಯ್ಯನವರಾಗಿ ಅವರೇ ಬರುತ್ತಾರೆ, ಪೂಜೆಗಿಂತ ಹೆಚ್ಚು ಹೊತ್ತು ಪೆನ್ಷನ್ನಿನ ಮಾತಾಡುತ್ತಾರೆ. ಅವರು ಬಂದು ಹಣೆಗೆ ವಿಭೂತಿ ಹಚ್ಚಿ, ಮೊದಲು ಅವಳ ಭಯ ಬಿಡಿಸಿದರು. ಹೋದ ಸಲ ಲಿಂಗ ಮೈಯಿಂದ ದೂರವಾದದ್ದಕ್ಕೆ ಮಾಡಬೇಕಾದದ್ದನ್ನು ಅಲ್ಲೇ ಮಂಚದ ಪಕ್ಕ ಚುಟುಕಾಗಿ ಮಾಡಿದರು. ಆಮೇಲೆ, ಲಿಂಗ ಕೊರಳಲ್ಲೇ ಇರಬೇಕೆಂದು ಯಾರು ಹೇಳಿದ್ದು, ತೋಳಿಗೆ ಕಟ್ಟಬಹುದು, ತಲೆಗೆ ಕಟ್ಟಬಹುದು, ಅಂಗೈಯಲ್ಲಿ ಇಟ್ಟುಕೊಳ್ಳಬಹುದು, ಮೈ ಬಿಡದಿದ್ದರೆ ಆಯಿತು ಎಂದರು. ಬೆಳ್ಳಿ ಕರಡಿಗೆ ಬಿಟ್ಟು ಬರೀ ಲಿಂಗವನ್ನು ಬಿಳಿ ವಸ್ತ್ರದಲ್ಲಿ ಎಡ ಅಂಗೈಗೆ ಬಿಗಿದು ಕಟ್ಟಿದರೆ ಆದೀತೆ ಎಂದು ನಿಮ್ಮಪ್ಪ ಡಾಕ್ಟರನ್ನು ಕೇಳಿದ. ಆತ ನೇಹಾಳ ಮುಖ ನೋಡಿದರು. ಅವಳು, ಸಲೈನು ಬಲಗೈಗೆ ಹಾಕುತ್ತೇನೆ, ವಸ್ತ್ರ ಮಾತ್ರ ನಾನು ಕೊಟ್ಟದ್ದೇ ಆಗಬೇಕು, ಅಂದಳು. ಇಷ್ಟೇ. ಹೋದ ಸಲವೇ ಯಾರಾದರೂ ಇಷ್ಟು ಹೊತ್ತು ನಿಂತು ಮಾತಾಡಿದ್ದರೆ, ಎಂದು ನನಗೆ ಹೊಟ್ಟೆ ಉರಿಯಿತು.

ಎಲ್ಲ ಮುಗಿಯಿತೆನ್ನುವಾಗ ದೊಡ್ಡಯ್ಯನವರು ಬಾಯಿ ತಪ್ಪಿ ಇನ್ನೊಂದು ಮಾತು ಆಡಿದರು. ಎಡ ಅಂಗೈಯಲ್ಲಿ ಲಿಂಗ ಇಡುವುದು ಹೊಸದೇನಲ್ಲ, ಸಮಾಧಿಯಲ್ಲಿ ಕೂರಿಸುವಾಗಲೂ ಹಾಗೇ ಇಡುತ್ತೇವಲ್ಲ, ಎಂದು. ನಾನು ಅವರನ್ನು ಕಣ್ಣಲ್ಲೇ ಸುಟ್ಟೆ. ಅತ್ತೆ ಮಾತ್ರ ನಕ್ಕಳು, ನಗು ಕೆಮ್ಮಾಯಿತು, ಕೆಮ್ಮು ನಿಂತ ಮೇಲೆ "ನನಗ ಕೂತ ರೂಢಿ ಐತಿ ತಗೋರಿ ಅಯ್ಯಾರ, ನಿಮಗ ತ್ರಾಸಿಲ್ಲ" ಎಂದಳು. ನಿಮ್ಮಪ್ಪ ಎದ್ದು ಹೊರಗೆ ಹೋದ. ಅವನು ಹದಿನೈದು ದಿನದಿಂದ ಯಾರಿಗೂ ಹೇಳದೆ, ಈ ಊರಿನಲ್ಲಿ ನಮ್ಮವರನ್ನು ಕೂರಿಸಿ ಮಣ್ಣು ಮಾಡಲು ಜಾಗ ಎಲ್ಲಿ ಸಿಗುತ್ತದೆ ಎಂದು ಹಳಬರನ್ನು ವಿಚಾರಿಸುತ್ತಿದ್ದಾನೆ. ನನಗೆ ಗೊತ್ತಿದೆ ಎಂದು ಅವನಿಗೆ ಗೊತ್ತಿಲ್ಲ. ತಂಗಿಯನ್ನು ಸುಡುವ ಊರಿಗೆ ಕರೆತಂದೆ ಎಂದು ಒಳಗೊಳಗೇ ಕೊರಗುತ್ತಾನೆ, ನನ್ನ ಮುಂದೆ ಸಕ್ಕರೆ ಹೆಚ್ಚಾಯಿತು ಎಂದು ಚಹಾದ ಮೇಲೆ ರೇಗುತ್ತಾನೆ.

ಸೋಮವಾರ ಎಂದು ದಿನ ಗೊತ್ತಾಯಿತು. ಒಪ್ಪಿದಳಲ್ಲ ಎಂದು ನಾನು ಉಸಿರು ಬಿಡುವಷ್ಟರಲ್ಲಿ ಅವಳು ಒಂದು ಷರತ್ತು ಹಾಕಿದಳು. "ಬಿಚ್ಚಿದಾಕೀನ ಬಂದು ಕಟ್ಟಲಿ. ಬ್ಯಾರೇ ಯಾರು ಮುಟ್ಟಿದ್ರೂ ನಾ ಒಳಗ ಹೋಗಾಂಗಿಲ್ಲ." ನನಗೆ ಮೈ ಉರಿದುಹೋಯಿತು. ಮಗು ಅಲ್ಲಿ ಫೋನು ಎತ್ತದೆ ಒದ್ದಾಡುತ್ತಿದೆ, ಸಾಯುವ ಹೊತ್ತಿನಲ್ಲೂ ಇವಳಿಗೆ ಅದನ್ನು ಮುಂದೆ ನಿಲ್ಲಿಸಿ ತಪ್ಪು ಒಪ್ಪಿಸುವ ಚಟವೆ, ಅಂದೆ. ಇನ್ನೂ ಏನೇನೋ ಅಂದೆ, ಅದನ್ನೆಲ್ಲ ಬರೆಯುವುದಿಲ್ಲ. ಅವಳು ಕಿಟಕಿಯ ಹೊರಗೆ ನೋಡುತ್ತಾ ಕೇಳಿಸಿಕೊಂಡಳು. ನಿನ್ನೆಯಿಂದ ನಾವಿಬ್ಬರೂ ಬೇಕಾದ್ದಕ್ಕಷ್ಟೇ ಮಾತಾಡುತ್ತಿದ್ದೇವೆ. ಇಷ್ಟು ವರ್ಷ ಒಂದೇ ಅಡುಗೆಮನೆಯಲ್ಲಿದ್ದರೂ ಹೀಗೆ ಆದದ್ದಿಲ್ಲ.

ಆದ್ದರಿಂದ ಅಪೂರ್ವ, ರಜೆ ಕೊಡಲಿ ಬಿಡಲಿ, ಶನಿವಾರದ ವಿಮಾನಕ್ಕೆ ಬಾ. ಬಂದು ಅವಳ ಮುಂದೆ ನಿಲ್ಲು. ಅವಳು ಏನು ಅಂದರೂ ಅನ್ನಿಸಿಕೊ, ಒಂದೆರಡು ಮಾತು, ಯಾರ ಮೈಯೂ ಸವೆಯುವುದಿಲ್ಲ. ಅವಳ ಕೈಗೆ ಅದನ್ನು ಕಟ್ಟಿಬಿಡು. ಆಮೇಲೆ ಬೇಕಾದರೆ ನನ್ನ ಮೇಲೆ ವರ್ಷಗಟ್ಟಲೆ ಮುನಿಸಿಕೊಂಡಿರು, ನಾನು ಕೇಳುವುದಿಲ್ಲ. ನೀನು ಬರದೆ ಅವಳು ಒಳಗೆ ಹೋಗುವುದಿಲ್ಲ, ಒಳಗೆ ಹೋಗದೆ ಅವಳು ಉಳಿಯುವುದಿಲ್ಲ. ಇದಕ್ಕಿಂತ ಬಿಡಿಸಿ ಹೇಳಲು ನನಗೆ ಬಾರದು.

ಋಷಿಕೇಶ್‌ನ ಕೈಯಲ್ಲಿ ಜೋಳದ ಹಿಟ್ಟು, ಶೇಂಗಾ ಚಟ್ನಿಪುಡಿ ಕಳಿಸಿದ್ದೇನೆ. ಚಟ್ನಿಪುಡಿ ಅವಳು ಆಸ್ಪತ್ರೆಗೆ ಹೋಗುವ ಮೊದಲು ಕುಟ್ಟಿದ್ದು, ಖಾರ ಹೆಚ್ಚಾಗಿದೆ. ಎಣ್ಣೆ ಹಾಕಿಕೊಂಡು ತಿನ್ನು. ನಿಮ್ಮಪ್ಪ ನಿನಗೆ ಆಶೀರ್ವಾದ ತಿಳಿಸು ಎಂದು ಹೇಳಿ ಆಫೀಸಿಗೆ ಹೋದ. ನನ್ನದೂ ಇದ್ದೇ ಇದೆ, ಬೈದ ಬಾಯಲ್ಲೇ. ಎಲ್ಲಿದ್ದರೂ ತಣ್ಣಗಿರು ಮಗಳೇ.

ನಿನ್ನ ಅವ್ವ,
ಶೋಭಾ

ತಾ.ಕ.: ಸಂಜೆ ಆಸ್ಪತ್ರೆಯ ಕಾರಿಡಾರಿನಲ್ಲಿ ನಿಂತು ಇದನ್ನು ಗೀಚುತ್ತಿದ್ದೇನೆ, ಋಷಿಕೇಶ್ ಕೆಳಗೆ ಕಾಯುತ್ತಿದ್ದಾನೆ. ಶನಿವಾರದ ಮಾತು ಬಿಡು. ಮಧ್ಯಾಹ್ನದಿಂದ ಶ್ವಾಸಕೋಶದಲ್ಲಿ ನೀರು ತುಂಬಿದೆ, ಮುಖಕ್ಕೆ ಮಾಸ್ಕ್ ಹಾಕಿದ್ದಾರೆ. ಸೋಮವಾರದವರೆಗೆ ತಡೆಯುವುದಿಲ್ಲ, ನಾಳೆ ಬೆಳಿಗ್ಗೆ ಮೊದಲು ಅವಳನ್ನೇ ಒಳಗೆ ತೆಗೆದುಕೊಳ್ಳುತ್ತಾರೆ. ನೀನು ಇದನ್ನು ಓದುವಾಗ ಅವಳು ಒಳಗಿರಬಹುದು, ಇಲ್ಲವೇ ಏನಾಗಬೇಕೋ ಅದು ಆಗಿರಬಹುದು. ಅಪೂರ್ವಳಿಗೆ ಬರಲಾಗದು ಎಂದು ನಾನೇ ಅವಳಿಗೆ ಹೇಳಿದೆ. ಹಟ ಹಿಡಿಯುತ್ತಾಳೆ ಎಂದುಕೊಂಡಿದ್ದೆ. ಮಾಸ್ಕ್ ಸರಿಸಿ, ಎಡಗೈ ನನ್ನ ಮುಂದೆ ಚಾಚಿ, "ಬೆಳಿಗ್ಗೆ ಗಡಿಬಿಡಿ ಆಗ್ತೈತಿ, ಈಗ ಕಟ್ಟಿಬಿಡ್ರಿ ವೈನಿ. ಕಾಗದದಾಗ ಮಾತ್ರ ಅಪೂರ್ವಾನ ಕಟ್ಟಿದ್ಲು ಅಂತ ಬರೀರಿ" ಎಂದಳು. ಸುಳ್ಳು ಯಾಕೆ ಬರೆಯಲಿ ಎಂದು ಕೇಳಿದೆ. ಉಸಿರು ಸಿಕ್ಕ ಹಾಗೆ ಬಿಟ್ಟು ಬಿಟ್ಟು ಹೇಳಿದಳು. "ನಾ ಹ್ವಾದ್ರ ಅಕಿ ಜಲ್ಮಪೂರ್ತಿ ಬಿಚ್ಚಿದ್ದನ್ನ ನೆನಸ್ತಾಳ. ಕಟ್ಟಿದ್ದೊಂದು ಅಕಿ ಕೈಯಾಗ ಇರ್ಲಿ ಅಂತ ಕರೀರಿ ಅಂದಿದ್ದೆ. ಬೈಯಾಕಲ್ಲ." ನೇಹಾ ಕೊಟ್ಟ ಬಿಳಿ ವಸ್ತ್ರದಲ್ಲಿ ಕಟ್ಟಿ ಮುಗಿಸಿದೆ. ಅವಳು ಮುಷ್ಟಿ ಮುಚ್ಚಿ ತೆರೆದು ನೋಡಿದಳು, ಜಾರುವುದಿಲ್ಲ. ನಿಮ್ಮಪ್ಪ ಕರೆಯುತ್ತಿದ್ದಾನೆ, ನಿಲ್ಲಿಸಬೇಕು. ಅವಳು ಹೇಳಿದ ಹಾಗೆಯೇ ಬರೆಯುತ್ತಿದ್ದೇನೆ, ನೀನೂ ಹಾಗೆಯೇ ಓದಿಕೊ. ಇವತ್ತು ಸಂಜೆ ನಿನ್ನ ಅತ್ತೆಯ ಎಡಗೈಗೆ ಲಿಂಗ ಕಟ್ಟಿದವಳು ನೀನು.